ಸಪ್ತಾಪುರದ ರೀಡಿಂಗ್ ರೂಮ್: ಎರಡೂವರೆ ವರ್ಷ, ಒಂದು ಹೋಲ್ಡ್ ಚೀಟಿ, ಒಂದು ಭಾನುವಾರ

ಎರಡೂವರೆ ವರ್ಷ ಒಂದೇ ಕುರ್ಚಿಯಲ್ಲಿ ಕೂತು ಓದಿದ ಜಾಗದ ಬಗ್ಗೆ ರಿವ್ಯೂ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ. ಧಾರವಾಡದ ಸಪ್ತಾಪುರ, ಜಯನಗರದ ಕಡೆ ಬಂದವರಿಗೆ ಗೊತ್ತು, ಓಣಿಗೊಂದು ಕೋಚಿಂಗ್ ಸೆಂಟರ್, ಅದರ ಪಕ್ಕ ಒಂದು ಜೆರಾಕ್ಸ್ ಅಂಗಡಿ, ಅದರ ಮೇಲೆ ಒಂದು ರೀಡಿಂಗ್ ರೂಮ್. ಇದೂ ಅಂಥದ್ದೇ. ಕೆಳಗೆ ಜೆರಾಕ್ಸ್, ಮೊದಲನೇ ಮಹಡಿಯಲ್ಲಿ ಹುಡುಗರ ಹಾಲ್, ಎರಡನೇ ಮಹಡಿಯಲ್ಲಿ ನಮ್ಮ ಲೇಡೀಸ್ ಹಾಲ್, ಅದರ ಮೇಲೆ ತಗಡಿನ ಶೀಟ್ ಹಾಕಿದ ಟೆರೇಸ್. ನಾನು ಹಾನಗಲ್ ಕಡೆಯವಳು. ವಯಸ್ಸು 36. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದೇನೆ.

ಮೊದಲು ರೊಕ್ಕದ ಮಾತು ಮುಗಿಸುತ್ತೇನೆ. ಎಸಿ ಇಲ್ಲದ ಹಾಲ್‌ಗೆ ತಿಂಗಳಿಗೆ 800 ರೂಪಾಯಿ. ಲಾಕರ್ ಬೇಕಂದ್ರೆ ಮೇಲೆ 50. ಡಿಪಾಜಿಟ್ 500, ಬಿಡುವಾಗ ವಾಪಸ್ ಕೊಡುತ್ತಾರೆ, ನನ್ನ ಇಬ್ಬರು ಗೆಳತಿಯರಿಗೆ ಎಣಿಸಿ ಕೊಟ್ಟಿದ್ದನ್ನು ಎದುರಿಗೇ ನೋಡಿದ್ದೇನೆ. ಲೇಡೀಸ್ ಹಾಲ್‌ನಲ್ಲಿ 38 ಸೀಟು. ಪ್ರತಿ ಸೀಟಿಗೂ ಎರಡೂ ಬದಿ ಪ್ಲೈವುಡ್ ಅಡ್ಡ, ಒಂದು ಸಣ್ಣ ಲೈಟ್, ಒಂದು ಪ್ಲಗ್. ಕರೆಂಟ್ ಹೋದರೆ ಫ್ಯಾನ್, ಲೈಟ್ ಎರಡೂ ಇನ್ವರ್ಟರ್ ಮೇಲೆ ನಡೆಯುತ್ತವೆ. ಬೆಳಿಗ್ಗೆ ಆರೂವರೆಗೆ ಪೇಪರ್ ಬಂದಿರುತ್ತವೆ, ಏಳಕ್ಕೆ ಬಂದರೆ ಸಂಪಾದಕೀಯದ ಪುಟ ಆಗಲೇ ಯಾರದೋ ಕೈಯಲ್ಲಿ ಇರುತ್ತದೆ. ಹಾಲ್ ಒಳಗೆ ಮಾತಿಲ್ಲ, ಫೋನಿಲ್ಲ. ಈ ನಿಯಮವನ್ನು ಇಲ್ಲಿ ನಿಜಕ್ಕೂ ಪಾಲಿಸುತ್ತಾರೆ. ಹಿಂದೆ ಇದ್ದ ಕಡೆ ಗೋಡೆ ಮೇಲೆ ಬೋರ್ಡ್ ಮಾತ್ರ ಇತ್ತು.

ಕೊರತೆಯೂ ಇವೆ. ಲೇಡೀಸ್ ಹಾಲ್ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಾರೆ, ಹುಡುಗರದ್ದು ಹನ್ನೊಂದೂವರೆವರೆಗೆ ತೆರೆದಿರುತ್ತದೆ. ಫೀ ಮಾತ್ರ ಇಬ್ಬರಿಗೂ ಒಂದೇ. ಸುರಕ್ಷತೆಗೆ ಅಂತ ಹೇಳುತ್ತಾರೆ, ಆದರೆ ನಮ್ಮಲ್ಲಿ ಮುಕ್ಕಾಲು ಜನ ಎರಡು ನಿಮಿಷದ ದಾರಿಯ ಪಿಜಿಗಳಲ್ಲೇ ಇದ್ದೇವೆ. ಇದನ್ನು ಮೂರು ಸಲ ಕೇಳಿದ್ದೇವೆ. ಇನ್ನೂ ಆಗಿಲ್ಲ. ಹಾಲ್‌ಗೆ ಒಂದೇ ಟಾಯ್ಲೆಟ್, ನೀರು ಬಾರದ ದಿನ ತುಂಬಾ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ತಗಡು ಕಾದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಓದಲು ಆಗುವುದೇ ಇಲ್ಲ. ಒಂದು ಸ್ಟಾರ್ ಕಡಿಮೆ ಕೊಟ್ಟಿರುವುದು ಇದಕ್ಕೇ.

ನನಗೆ ಇಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಹೋಲ್ಡ್ ಚೀಟಿ. ಪೋಸ್ಟ್‌ಕಾರ್ಡಿಗಿಂತ ಸಣ್ಣದಾದ ಹಳದಿ ಚೀಟಿ ಅದು. ಸೀಟ್ ನಂಬರ್, ಹೋಗುವ ದಿನ, ಬರುವ ದಿನ, ಕೆಳಗೆ ರೀಡಿಂಗ್ ರೂಮ್ ನಡೆಸುವ ಸರ್ ಸಹಿ. ಊರಲ್ಲಿ ಸುಗ್ಗಿ ಇರಲಿ, ಮದುವೆ ಇರಲಿ, ಮನೆಯಲ್ಲಿ ಯಾರಿಗಾದರೂ ಆರಾಮ ಇಲ್ಲದಿರಲಿ, 50 ರೂಪಾಯಿ ಕೊಟ್ಟು ಈ ಚೀಟಿ ಬರೆಸಿದರೆ 25 ದಿನದವರೆಗೆ ನಿಮ್ಮ ತಿಂಗಳ ಲೆಕ್ಕ ಅಲ್ಲೇ ನಿಲ್ಲುತ್ತದೆ. ನೀವು ಬಂದ ದಿನದಿಂದ ಮತ್ತೆ ಶುರು. 2024ರ ನವೆಂಬರ್‌ನಲ್ಲಿ ಭತ್ತದ ಕೊಯ್ಲಿಗೆ ಊರಿಗೆ ಹೋಗಿ 19 ದಿನ ಬಿಟ್ಟು ಬಂದೆ. ಸೀಟ್ 17ರ ಮೇಲೆ ಚೀಟಿ ಹಾಗೇ ಅಂಟಿಕೊಂಡಿತ್ತು, ನಾನು ಮರೆತು ಹೋಗಿದ್ದ ಪೆನ್ಸಿಲ್ ಸಹ ಅಲ್ಲೇ ಇತ್ತು. ಲೆಕ್ಕದಲ್ಲಿ ಒಂದು ದಿನವೂ ಹೋಗಿರಲಿಲ್ಲ. ಫೀ ಏರಿಸುವಾಗಲೂ ಅಷ್ಟೇ, ಯಾವ ತಾರೀಖಿನಿಂದ, ಎಷ್ಟು, ಯಾಕೆ ಅಂತ ಒಂದು ತಿಂಗಳು ಮೊದಲೇ ಮೆಟ್ಟಿಲ ಹತ್ತಿರ ಬರೆದು ಹಾಕುತ್ತಾರೆ. ಸಣ್ಣ ವಿಷಯ ಅನ್ನಿಸಬಹುದು. ಮುಂದೆ ಹೇಳುವ ಮಾತಿಗೆ ಇದು ಬೇಕು, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಆ ಮೆಟ್ಟಿಲ ತಿರುವಿನಲ್ಲೇ ಒಂದು ಸ್ಟೀಲ್ ರ್ಯಾಕ್ ಇದೆ. ಬಿಟ್ಟು ಹೋಗುವವರು ತಮ್ಮ ಪುಸ್ತಕಗಳನ್ನು ಅದರಲ್ಲಿ ಇಟ್ಟು ಹೋಗುತ್ತಾರೆ, ಬೇಕಾದವರು ಸುಮ್ನೆ ತಗೊಳ್ಳಬಹುದು. ಪೋಸ್ಟ್ ಸಿಕ್ಕವರೂ ಇಡುತ್ತಾರೆ, ಏಜ್ ಬಾರ್ ಆದವರೂ, ಅಂದರೆ ವಯೋಮಿತಿ ದಾಟಿದವರೂ ಇಡುತ್ತಾರೆ. ನಾನು ತಗೊಂಡ ಇತಿಹಾಸದ ಪುಸ್ತಕಕ್ಕೆ ನನಗಿಂತ ಮೊದಲು ಇಬ್ಬರು ಇದ್ದರು. ಮೊದಲನೆಯವರು ಒಳಪುಟದಲ್ಲಿ ನೀಲಿ ಪೆನ್ನಿನಲ್ಲಿ "ಎಸ್‌ಡಿಎ ಆಯ್ತು, ದೇವರು ದೊಡ್ಡವನು" ಅಂತ ಬರೆದಿದ್ದಾರೆ, ಎಸ್‌ಡಿಎ ಅಂದರೆ ದ್ವಿತೀಯ ದರ್ಜೆ ಸಹಾಯಕ ಹುದ್ದೆ. ಎರಡನೆಯವರು ಏನೂ ಬರೆದಿಲ್ಲ. ರಟ್ಟಿನ ಒಳಬದಿಗೆ ಪೆನ್ಸಿಲಿನಲ್ಲಿ ಮೂರು ಅಂಕಿ ಇವೆ. 33, ಅದರ ಮೇಲೆ ಗೆರೆ. 34, ಅದರ ಮೇಲೆ ಗೆರೆ. 35. ಅದಕ್ಕೆ ಗೆರೆ ಇಲ್ಲ. ಸರ್ಕಾರಿ ನೇಮಕಾತಿಗೆ ಸಾಮಾನ್ಯ ವರ್ಗದ ಮೂಲ ವಯೋಮಿತಿ 35, ನಮ್ಮಂಥ ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ ಒಂದಕ್ಕೆ 40. ಅದು ಗೊತ್ತಿದ್ದವರಿಗೆ ಆ ಮೂರು ಅಂಕಿ ಸಾಕು.

ಈಗ ಭಾನುವಾರದ ಕ್ಲಾಸಿಗೆ ಬರುತ್ತೇನೆ. ರೀಡಿಂಗ್ ರೂಮ್ ನಡೆಸುವ ಸರ್ ಖಜಾನೆ ಇಲಾಖೆಯಲ್ಲಿ ದುಡಿದು ರಿಟೈರ್ ಆದವರು. ಪ್ರತಿ ಭಾನುವಾರ ಸಂಜೆ ಟೆರೇಸ್ ಮೇಲೆ ಪ್ರಬಂಧ ಮತ್ತು ಚರ್ಚೆಯ ಕ್ಲಾಸ್ ಮಾಡುತ್ತಾರೆ, ತಿಂಗಳಿಗೆ 200 ರೂಪಾಯಿ ಬೇರೆ. ದೊಡ್ಡ ಕೋಚಿಂಗ್ ಸೆಂಟರ್‌ಗಳಲ್ಲಿ ಮುನ್ನೂರು ಜನರ ನಡುವೆ ಮೈಕ್‌ನಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ನಾನು ಇಲ್ಲಿ ಇಪ್ಪತ್ತು ಜನರ ನಡುವೆ ಕಲಿತೆ. ಒಂದು ವಾರ ಸರ್ ಬೋರ್ಡ್ ಮೇಲೆ ಬರೆದ ವಿಷಯ ಇದು: ಬಜೆಟ್ ಕೊರತೆ ಇದ್ದ ವರ್ಷ ಸರ್ಕಾರಿ ನೇಮಕಾತಿ ತಡೆಯುವ ಅಧಿಕಾರವನ್ನು ಶಾಸಕರಿಗೆ ಕೊಡಬೇಕೇ?

ಎಲ್ಲರ ಮುಖ ಸಣ್ಣದಾಯಿತು. ಕುಂದಗೋಳದ ಹುಡುಗ ಎದ್ದು ನಿಂತೇ ಬಿಟ್ಟ. "ಸರ, ನಮ್ಮ ಕುತ್ತಿಗಿಗೆ ನಾವ ಹಗ್ಗ ಬಿಗಕೊಂಡಂಗ ಆಗ್ತದರಿ ಇದು. ಹಿಂಗ ಕೇಳಿದ್ರ ಇಲ್ಲಿ ಯಾರು ಹೌದು ಅಂತಾರ್ರೀ?" ಸರ್ ಚಾಕ್ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ಆತು, ಕೊಡಬ್ಯಾಡ್ರಿ. ಆದ್ರ ಈಗ ಆ ಅಧಿಕಾರ ಯಾರ ಕೈಯಾಗ ಐತಿ? ಅದನ್ನ ಮೊದಲ ಹೇಳ್ರಿ."

ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಪೋಸ್ಟ್‌ಗಾಗಿ ಕಾಯುತ್ತಿದ್ದೇವೆ, ಪೋಸ್ಟ್ ತಡೆಯುವವರು ಯಾರು ಅಂತ ನಮಗೇ ಗೊತ್ತಿರಲಿಲ್ಲ. ಅವತ್ತಿನಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ.

ಸರ್ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ ಅಂತ ಮಂಜೂರಾಗಿರುತ್ತದೆ. ಆದರೆ ಮಂಜೂರಾದ ಹುದ್ದೆ ಖಾಲಿ ಇದೆ ಅಂದ ಮಾತ್ರಕ್ಕೆ ಇಲಾಖೆ ನೋಟಿಫಿಕೇಶನ್ ಹೊರಡಿಸಲು ಆಗುವುದಿಲ್ಲ, ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಫೈಲ್ ಅಲ್ಲಿ ನಿಂತರೆ ನಮ್ಮ ವರ್ಷ ಇಲ್ಲಿ ನಿಲ್ಲುತ್ತದೆ. 2020ರ ಜುಲೈನಲ್ಲಿ ಕೊರೋನಾ ಕಾರಣಕ್ಕೆ ಆದಾಯ ಬಿದ್ದಾಗ ಆ ಹಣಕಾಸು ವರ್ಷದ ನೇರ ನೇಮಕಾತಿ ನಿಲ್ಲಿಸಿದ್ದು ಆರ್ಥಿಕ ಇಲಾಖೆಯ ಒಂದು ಆದೇಶ. ನಾನು ಆಗ ಊರಲ್ಲಿ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಸಂಬಳ ನಿಂತಿತ್ತು. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ಓದಿ ಸುಳ್ಳು ಸುದ್ದಿ ಇರಬೇಕು ಅಂದುಕೊಂಡಿದ್ದೆ. ಅಷ್ಟು ಜನರ ಬದುಕಿನ ವಿಷಯ ಒಂದು ಹಾಳೆಯಲ್ಲಿ ಮುಗಿಯುತ್ತದೆ ಅಂತ ಆಗ ನಂಬಲಾಗಲಿಲ್ಲ.

ಶಾಸಕರ ಕೈಯಲ್ಲಿ ಈಗಲೂ ಏನೂ ಇಲ್ಲ ಅಂತಲ್ಲ. ಸಂವಿಧಾನದ 203ನೇ ವಿಧಿ ಪ್ರಕಾರ ಪ್ರತಿ ಇಲಾಖೆಯ ಅನುದಾನದ ಬೇಡಿಕೆ ವಿಧಾನಸಭೆಯ ಮುಂದೆ ಬರಬೇಕು, ಸಭೆ ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಜಾಸ್ತಿ ಮಾಡಲು ಮಾತ್ರ ಬರುವುದಿಲ್ಲ. 309ನೇ ವಿಧಿ ಪ್ರಕಾರ ನೇಮಕಾತಿಗೆ ಕಾನೂನು ಮಾಡುವ ಅಧಿಕಾರವೂ ಶಾಸನಸಭೆಗೇ ಇದೆ. ಆದರೆ ನಡೆಯುವುದು ಬೇರೆ. ಅಧಿವೇಶನದ ಕೊನೆಗೆ ಸಮಯ ಮುಗಿದರೆ ಚರ್ಚೆ ಆಗದ ಬೇಡಿಕೆಗಳನ್ನೂ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ. ಈ ವರ್ಷ ಇಷ್ಟು ಹುದ್ದೆ ತುಂಬುತ್ತೇವೆ, ಇಷ್ಟು ತಡೆಯುತ್ತೇವೆ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಬೇಕಾದ ಗರಜೇ ಯಾರಿಗೂ ಬರುವುದಿಲ್ಲ.

ಕೊರತೆ ಅಂದರೆ ಏನು ಅನ್ನುವುದನ್ನೂ ಸರ್ ಮನೆ ಲೆಕ್ಕದ ಹಾಗೆ ಬಿಡಿಸಿದರು. ದುಡಿದದ್ದು ಉಣ್ಣಲು ಸಾಲದೇ ಹೋದರೆ ರಾಜಸ್ವ ಕೊರತೆ. ಉಣ್ಣುವುದು, ಕಟ್ಟುವುದು ಎಲ್ಲಾ ಸೇರಿ ಒಟ್ಟು ಎಷ್ಟು ಸಾಲ ತರಬೇಕಾಗುತ್ತದೋ ಅದು ವಿತ್ತೀಯ ಕೊರತೆ. ಇದಕ್ಕೆ ಲಗಾಮು ಹಾಕಲು ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು, ದೇಶದಲ್ಲೇ ಇದನ್ನು ಮೊದಲು ಮಾಡಿದ ರಾಜ್ಯ ನಮ್ಮದು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರ ಒಳಗೆ ಇರಬೇಕು. 2025-26ರ ಬಜೆಟ್ 4,09,549 ಕೋಟಿ ರೂಪಾಯಿಯದ್ದು, ಅದರಲ್ಲಿ ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ 90,428 ಕೋಟಿ, ಅಂದರೆ ಶೇ 2.95. ಗೆರೆಗೆ ತಾಗಿಕೊಂಡೇ ಇದೆ. ಆಗ ಸರ್ಕಾರ ಎಲ್ಲಿ ಕೈ ಬಿಗಿ ಹಿಡಿಯಬೇಕು? ಸಂಬಳ ನಿಲ್ಲಿಸಲು ಆಗಲ್ಲ, ಪಿಂಚಣಿ ನಿಲ್ಲಿಸಲು ಆಗಲ್ಲ, ಸಾಲದ ಬಡ್ಡಿ ನಿಲ್ಲಿಸಲು ಆಗಲ್ಲ. ಖಾಲಿ ಹುದ್ದೆಯನ್ನು ಖಾಲಿ ಬಿಡಬಹುದು. ಕೇಳುವವರಿಲ್ಲ.

ಈ ಕೊನೆಯ ಮಾತು ನನಗೆ ಬಹಳ ನೋವು ತಂದಿತು, ಯಾಕಂದ್ರೆ ನಿಜ. ರಾಜ್ಯದ ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಿಂದ ಬಂತು, ವರ್ಷಕ್ಕೆ 20 ಸಾವಿರ ಕೋಟಿಗೂ ಜಾಸ್ತಿ ಹೊರೆ. ಅದು ಸಿಗಬಾರದಿತ್ತು ಅಂತ ನಾನು ಹೇಳುತ್ತಿಲ್ಲ, ದುಡಿದವರಿಗೆ ಸಿಗಲೇಬೇಕು. ಆದರೆ ಸರ್ಕಾರಿ ನೌಕರರು 2023ರ ಮಾರ್ಚ್ 1ರಂದು ಒಂದು ದಿನ ಕೆಲಸ ನಿಲ್ಲಿಸಿದ್ದಕ್ಕೆ ಅವತ್ತೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಬಂತು. ಒಳಗಿದ್ದವರಿಗೆ ಸಂಘ ಇದೆ. ಹೊರಗೆ ಕಾಯುವವರು ಕೆಲಸ ನಿಲ್ಲಿಸುತ್ತೇವೆ ಅಂದರೆ ಯಾವ ಕೆಲಸ ನಿಲ್ಲಿಸಬೇಕು? ಓದುವುದನ್ನಾ?

ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಖಾಲಿ ಇವೆ. ಇವೆಲ್ಲ ಕೊರತೆಯಿಂದಲೇ ಖಾಲಿ ಬಿದ್ದಿವೆ ಅಂದರೆ ತಪ್ಪಾಗುತ್ತದೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು, ಅಕ್ರಮ ಹೊರಬಂದು ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಯ ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ಕನ್ನಡ ಅನುವಾದದ ತಪ್ಪುಗಳಿಂದ ಕೆಟ್ಟು, ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಆಮೇಲೆ 2024ರ ಅಕ್ಟೋಬರ್‌ನಿಂದ ಒಳಮೀಸಲಾತಿ (ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳ ಒಳಗೇ ಹಂಚುವುದು) ತೀರ್ಮಾನ ಆಗುವವರೆಗೆ ಹೊಸ ನೋಟಿಫಿಕೇಶನ್ ಬೇಡ ಅಂತಾಯಿತು, ಸಂಪುಟ ಒಳಮೀಸಲಾತಿಯನ್ನು ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದಕ್ಕಾಗಿ ಕಾದಿದ್ದಕ್ಕೆ ನನಗೆ ಬೇಸರ ಇಲ್ಲ. ಆದರೆ ಕಾರಣ ಯಾವುದೇ ಇರಲಿ, ಪೆನ್ಸಿಲಿನ ಆ ಅಂಕಿ ಮಾತ್ರ ಏರುತ್ತಲೇ ಹೋಗುತ್ತದೆ.

ಚರ್ಚೆಯಲ್ಲಿ ನನ್ನ ಸರದಿ ಬಂದಾಗ ನಾನು ಹೌದು ಅಂದೆ. ಕೊಡಬೇಕು, ಆ ಅಧಿಕಾರ ಸಭೆಗೇ ಕೊಡಬೇಕು ಅಂದೆ. ಹುಡುಗರು ನನ್ನನ್ನೇ ನೋಡಿದರು. ತಡೆ ಈಗಲೂ ಆಗುತ್ತಿದೆ, ಬಾಗಿಲು ಹಾಕಿಕೊಂಡು ಆಗುತ್ತಿದೆ, ಯಾವಾಗ ಮುಗಿಯುತ್ತದೆ ಅಂತಲೂ ಹೇಳದೇ ಆಗುತ್ತಿದೆ. ಅದೇ ವಿಧಾನಸಭೆಯಲ್ಲಿ ಆದರೆ ನಮ್ಮ ಹಾನಗಲ್ ಶಾಸಕರು ಕೈ ಎತ್ತಿದರೋ ಇಲ್ಲವೋ ನನಗೆ ಗೊತ್ತಾಗುತ್ತದೆ, ಅವರು ಊರಿಗೆ ಬಂದಾಗ ಅಪ್ಪ ಎದುರಿಗೆ ನಿಂತು ಕೇಳಬಹುದು. ಆರ್ಥಿಕ ಇಲಾಖೆಯ ಅಧಿಕಾರಿಯನ್ನು ಅಪ್ಪ ಎಲ್ಲಿ ಹುಡುಕಿಕೊಂಡು ಹೋಗಬೇಕು?

ಲಕ್ಷ್ಮೇಶ್ವರದ ಅಕ್ಕ ಒಪ್ಪಲಿಲ್ಲ. ಅವರ ಮಾತಿನಲ್ಲೂ ತೂಕ ಇತ್ತು. "ತಮಗ ಬೇಕಾದ ಇಲಾಖೆಗೆ ರಿಯಾಯಿತಿ ತಗೋತಾರವಾ, ಉಳಿದದ್ದಕ್ಕ ಬೀಗ ಹಾಕ್ತಾರ. ಆಮ್ಯಾಲ ಅದ ಕೆಲಸಕ್ಕ ಔಟ್‌ಸೋರ್ಸ್ ಮಂದಿ ತರ್ತಾರ." ಇದು ಸುಳ್ಳಲ್ಲ. ಖಾಲಿ ಹುದ್ದೆಯ ಕೆಲಸ ಎಲ್ಲೂ ಹೋಗುವುದಿಲ್ಲ. ಒಂದೋ ಅತಿಥಿ ಶಿಕ್ಷಕರು, ಹೊರಗುತ್ತಿಗೆಯವರು ಕಡಿಮೆ ಸಂಬಳಕ್ಕೆ ಅದನ್ನೇ ಮಾಡುತ್ತಾರೆ, ಇಲ್ಲಾ ಒಬ್ಬರ ಮೇಲೆ ಮೂವರ ಪ್ರಭಾರ ಬೀಳುತ್ತದೆ. ನಮ್ಮ ಕಡೆ ಪಹಣಿಯಲ್ಲಿ ಒಂದು ಅಕ್ಷರ ತಿದ್ದಿಸಲು ಅಪ್ಪ ನಾಲ್ಕು ಸಲ ಅಡ್ಡಾಡಿದರು, ಯಾಕಂದ್ರೆ ಬರುವ ಅಧಿಕಾರಿ ಮೂರು ಕಡೆ ಹಂಚಿಹೋಗಿದ್ದರು. ನಾಲ್ಕು ದಿನದ ಕೂಲಿ, ಬಸ್ ಚಾರ್ಜು. ಆ ಖರ್ಚು ಯಾವ ಬಜೆಟ್‌ನಲ್ಲೂ ಕಾಣುವುದಿಲ್ಲ.

ಆಗ ಸರ್ ಬೇರೆ ಕಡೆಯ ಅನುಭವ ಹೇಳಿದರು. ಅಮೆರಿಕದಲ್ಲಿ ಅಧ್ಯಕ್ಷರಾದ ಕಾರ್ಟರ್, ರೇಗನ್ ಕಾಲದಲ್ಲಿ ಇಡೀ ಸರ್ಕಾರದ ನೇಮಕಾತಿ ತಡೆದಿದ್ದರು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು 1982ರಲ್ಲಿ ಅದನ್ನು ತಪಾಸಣೆ ಮಾಡಿ, ನೌಕರರ ಸಂಖ್ಯೆ ಅಂಥಾ ಕಡಿಮೆ ಆಗಲಿಲ್ಲ, ಕೆಲಸ ಕೆಟ್ಟಿತು, ಕೆಲವು ಕಡೆ ಖರ್ಚು ಇನ್ನೂ ಏರಿತು ಅಂತ ಬರೆದರು. ನಮ್ಮ ಕೇಂದ್ರ ಸರ್ಕಾರ 2001ರಲ್ಲಿ ಪೂರ್ತಿ ತಡೆಯುವ ಬದಲು, ಆ ವರ್ಷ ಖಾಲಿಯಾಗುವ ನೇರ ನೇಮಕಾತಿ ಹುದ್ದೆಗಳಲ್ಲಿ ಮೂರರಲ್ಲಿ ಒಂದನ್ನು ಮಾತ್ರ ತುಂಬಬೇಕು, ಅದೂ ಒಟ್ಟು ಮಂಜೂರಾದ ಹುದ್ದೆಗಳ ಶೇ 1 ಮೀರಬಾರದು ಅಂತ ಮಿತಿ ಹಾಕಿತು. ಅದು 2009ರವರೆಗೆ ನಡೆಯಿತು. ಎಂಟು ವರ್ಷ! ಆ ಎಂಟು ವರ್ಷದಲ್ಲಿ 28 ದಾಟಿ 36 ಆದವರನ್ನು ನೆನೆಸಿಕೊಳ್ಳಿ.

ಅದಕ್ಕೇ ನಾನು ಹೌದು ಅಂದಿದ್ದು ಸುಮ್ಮನೆ ಅಲ್ಲ, ಕರಾರು ಇಟ್ಟು ಅಂದೆ. ತಡೆ ಹಾಕುವುದಿದ್ದರೆ ಅದೇ ಬಜೆಟ್ ವರ್ಷಕ್ಕೆ ಮಾತ್ರ ಹಾಕಿ, ಮುಂದುವರಿಸಬೇಕಂದ್ರೆ ಮತ್ತೆ ಸಭೆಯಲ್ಲಿ ಮತ ಕೇಳಿ. ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ ಮುಟ್ಟಬೇಡಿ. ನೇಮಕಾತಿ ತಡೆದ ಹುದ್ದೆಗೆ ಹೊರಗುತ್ತಿಗೆಯವರನ್ನೂ ತರಬೇಡಿ, ರೊಕ್ಕ ಇಲ್ಲ ಅಂದ ಮೇಲೆ ಅದಕ್ಕೂ ಇರಬಾರದು ಅಲ್ವಾ. ಈಗಾಗಲೇ ಪರೀಕ್ಷೆ ಬರೆದವರ ಪಟ್ಟಿಗೆ ಕೈ ಹಾಕಬೇಡಿ. ಮತ್ತು ಎಷ್ಟು ದಿನ ತಡೆ ಇರುತ್ತದೋ ಅಷ್ಟು ದಿನ ನಮ್ಮ ವಯಸ್ಸಿನ ಲೆಕ್ಕವೂ ತಾನಾಗಿಯೇ ನಿಲ್ಲಲಿ. ಇದನ್ನು ಹೇಳುವಾಗ ನನ್ನ ಪರ್ಸ್‌ನಲ್ಲಿದ್ದ ಹಳೇ ಹೋಲ್ಡ್ ಚೀಟಿ ತೆಗೆದು ಸರ್‌ಗೇ ತೋರಿಸಿದೆ. "ಸರ, ನೀವು 50 ರೂಪಾಯಿಗೆ ಮಾಡೂದು ಸರ್ಕಾರಕ್ಕ ಯಾಕ ಆಗಂಗಿಲ್ರಿ?" ಸರ್ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಂದು ಬಾರಿಗೆ ಮಾತ್ರ ಅಂತ 3 ವರ್ಷದ ವಯೋಮಿತಿ ಸಡಿಲಿಕೆ ಕೊಟ್ಟಿತು. ಅದಕ್ಕಾಗಿ ಇದೇ ಧಾರವಾಡದಲ್ಲಿ ಓದುವ ಹುಡುಗ ಹುಡುಗಿಯರು ಬೀದಿಗೆ ಇಳಿಯಬೇಕಾಯಿತು. ಆದೇಶ ಬಂದ ದಿನ ಲೇಡೀಸ್ ಹಾಲ್‌ನಲ್ಲಿ ಮೊದಲ ಸಲ ಮಾತು ಕೇಳಿಸಿತು, ಯಾರೂ ಯಾರನ್ನೂ ತಡೆಯಲಿಲ್ಲ. ನನ್ನ ಮಿತಿ 38ರಿಂದ 41ಕ್ಕೆ ಹೋಯಿತು. ಇತಿಹಾಸದ ಪುಸ್ತಕದ ಆ ಎರಡನೆಯವರಿಗೆ ಈ ಸುದ್ದಿ ತಲುಪಿತೋ ಇಲ್ಲವೋ, ಇನ್ನೂ ಓದುವ ಮನಸ್ಸು ಉಳಿದಿತ್ತೋ ಇಲ್ಲವೋ. ಬೀದಿಗೆ ಬಂದ ಮೇಲೆ ಕೊಡುವ ಸಡಿಲಿಕೆ ಬೇರೆ, ತಡೆಯ ಜೊತೆಗೇ ಬರೆದಿಡುವ ಲೆಕ್ಕ ಬೇರೆ.

ಅಪ್ಪ ಈಗ ಫೋನ್ ಮಾಡಿದಾಗ ಪೋಸ್ಟ್‌ನ ಸುದ್ದಿ ಕೇಳುವುದಿಲ್ಲ. "ಊಟ ಆತೇನವಾ" ಅಂತಷ್ಟೇ ಕೇಳಿ ಇಡುತ್ತಾರೆ. ಊಟದ ಮಾತು ಬಂತು, ಹೊಸಬರಿಗೆ ಅದನ್ನೂ ಹೇಳುತ್ತೇನೆ. ಹಿಂದಿನ ಓಣಿಯಲ್ಲಿ ಅಜ್ಜಿಯೊಬ್ಬರ ಖಾನಾವಳಿ ಇದೆ, ಎರಡು ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, 60 ರೂಪಾಯಿ. ತಿಂಗಳ ಕಾರ್ಡ್ ಮಾಡಿಸಿದರೆ ಇನ್ನೂ ಕಡಿಮೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ, ನಮ್ಮ ಹಾಲ್ ಮುಚ್ಚುವ ಹೊತ್ತೂ ಅದೇ, ಎಂಟೂವರೆಗೇ ಎದ್ದು ಹೋಗಿ ಉಂಡು ಬನ್ನಿ.

ಸೇರುವವರು ಭಾನುವಾರದ ಕ್ಲಾಸ್ ಬಿಡಬೇಡಿ, 200 ರೂಪಾಯಿಗೆ ಅಷ್ಟು ತಿಳಿಸಿಕೊಡುವವರು ನನಗೆ ಧಾರವಾಡದಲ್ಲಿ ಬೇರೆ ಸಿಕ್ಕಿಲ್ಲ. ಊರಿಗೆ ಹೋಗುವ ಮುಂಚೆ ಹೋಲ್ಡ್ ಚೀಟಿ ಬರೆಸಿಕೊಳ್ಳಿ, ಬಾಯಿಮಾತಿನಲ್ಲಿ ಹೇಳಿ ಹೋದರೆ ಲೆಕ್ಕಕ್ಕೆ ಬರುವುದಿಲ್ಲ. ಬೇಸಿಗೆಗೆ ಒಂದು ನೀರಿನ ಬಾಟಲಿ ಜಾಸ್ತಿ ತನ್ನಿ. ಲೇಡೀಸ್ ಹಾಲ್‌ನಲ್ಲಿ 14ರಿಂದ 19ರವರೆಗಿನ ಸೀಟ್ ಕೇಳಿ, ಕಿಟಕಿಯ ಹತ್ತಿರ, ಹೊರಗೆ ಬೇವಿನ ಮರ ಇದೆ. 17 ಮಾತ್ರ ಖಾಲಿ ಇಲ್ಲ, ಅದರಲ್ಲಿ ನಾನಿದ್ದೇನೆ.